ಹಾಲಿನ ಗಾಡಿಯಲ್ಲಿ ಬಂದ ಗೂಢಚಾರ

ನಿನ್ನೆ ಮಧ್ಯಾಹ್ನ ನನ್ನ ಮೊಮ್ಮಗಳು ಒಂದು ಇಡೀ ಕನ್ನಡ ಪುಸ್ತಕ ಓದಿ ಮುಗಿಸಿದಳು. ಹತ್ತು ವರ್ಷದ ಹುಡುಗಿ, ಹುಟ್ಟಿ ಬೆಳೆದದ್ದೆಲ್ಲ ಹೈದರಾಬಾದಿನ ಈ ಮಲ್ಕಾಜ್‌ಗಿರಿಯಲ್ಲೇ. ಶಾಲೆಯಲ್ಲಿ ಇಂಗ್ಲಿಷು, ತೆಲುಗು, ಹಿಂದಿ. ಕನ್ನಡ ಏನಿದ್ದರೂ ಮನೆಯೊಳಗಿನ ಬಾಯಿಮಾತು. ಈ ವರ್ಷ ರಾಜ್ಯ ಬೇರೆ ಮಾಡುವ ಗಲಾಟೆಯಲ್ಲಿ ವಾರಕ್ಕೆರಡು ದಿನ ಬಂದ್ ಆಗಿ ಶಾಲೆಗೆ ಬೀಗ ಬೀಳುತ್ತಿತ್ತು. ಅವಳನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು, ಪರಾತದಲ್ಲಿ ಜೋಳದ ಹಿಟ್ಟು ಹರವಿ, ಬೆರಳು ಹಿಡಿದು ಅಕ್ಷರ ತೀಡಿಸಿದೆ. ಅ ಆ ಇಂದ ಶುರುವಾದದ್ದು ನಿನ್ನೆಗೆ ಕೊನೆಯ ಪುಟದ 'ಮುಗಿಯಿತು' ತನಕ ಬಂತು. ನಾನು ಎದ್ದು ಹೋಗಿ ನಮ್ಮ ಕಟ್ಟಡದ ಎಂಟೂ ಮನೆಗಳಿಗೆ ಸಕ್ಕರೆ ಹಂಚಿ ಬಂದೆ. ಯಾಕೆ ಅಂತ ಕೇಳಿದವರಿಗೆ, ಹುಡುಗಿ ಪುಸ್ತಕ ಓದಿದಳು ಅಂದೆ.

ಈ ಸಂತೋಷವನ್ನು ನಾನು ಮೊದಲು ಯಾರಿಗೆ ಹೇಳಬೇಕಾಗಿತ್ತೋ ಅವರು ಹಿಂದಿನ ಓಣಿಯಲ್ಲಿದ್ದರು. ಆ ಪುಸ್ತಕ ಬರೆದವರು. ಅವರು ತೀರಿಕೊಂಡು ಇನ್ನೂ ಎರಡು ತಿಂಗಳು ತುಂಬಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಅವರ ಹೆಸರು ಮಾತ್ರ ಇಲ್ಲಿ ಬರೆಯುವುದಿಲ್ಲ. ಒಮ್ಮೆ ಹೇಳಿದ್ದೇ ಸಾಕಾಗಿದೆ.

ನಾವು ಅವರನ್ನು ಅಣ್ಣಾರು ಅನ್ನುತ್ತಿದ್ದೆವು. ಗದಗದ ಕಡೆಯವರು. ಊರ ಹೊರಗಿನ ಒಂದು ರಕ್ಷಣಾ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಕೆಲಸ. ನಾನು ಅದೇ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಉಪ್ಪಿಟ್ಟು ತಿರುವುತ್ತಿದ್ದೆ. ಮೂರನೇ ತರಗತಿಗೆ ಶಾಲೆ ಬಿಟ್ಟು, ಮದುವೆಯಾಗಿ ಕೊಪ್ಪಳದ ಕಡೆಯಿಂದ ಬಂದವಳು. ಗಂಡ ರೈಲ್ವೆಯಲ್ಲಿ ಫಿಟ್ಟರ್. ಕಲಿತಿದ್ದ ನಾಲ್ಕಕ್ಷರವೂ ಮರೆತುಹೋಗಿತ್ತು.

ಇಂಜಿನಿಯರುಗಳು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳ್ಳನೆಯ ಕಾಗದ ಹಾಸಿ ಮಸಿಯಿಂದ ತಿದ್ದುವುದು ಅಣ್ಣಾರ ಕೆಲಸ. "ಮಂದಿ ಎಳದ ಗೆರಿ ಮ್ಯಾಲ ಗೆರಿ ಎಳಿಯೂದು, ತಂಗೆವ್ವಾ. ಕೂದಲೆಳಿ ಅತ್ತಿತ್ತ ಆಗಬಾರದು" ಅನ್ನುತ್ತಿದ್ದರು. ಹನ್ನೊಂದು ವರ್ಷ ಹಾಗೆ ಎಳೆದಿದ್ದರು. ಅವರದೇ ಸ್ವಂತ ಗೆರೆ ಅಂದರೆ ಗೂಢಚಾರರ ಕಾದಂಬರಿ.

ಟೀವಿ ಇಲ್ಲದ ಆ ಕಾಲದಲ್ಲಿ ಅಂಗೈಯಗಲದ ಪುಸ್ತಕಗಳು ಬರುತ್ತಿದ್ದವು. ಮುಖಪುಟದಲ್ಲಿ ಕಪ್ಪು ಕನ್ನಡಕದ ಗಂಡಸು, ಹಿಂದೆ ಉರಿಯುವ ವಿಮಾನ, ಮೂಲೆಯಲ್ಲಿ ಪಿಸ್ತೂಲು ಹಿಡಿದ ಹೆಂಗಸು. ಜನ ಅದನ್ನು ರೈಲಿನಲ್ಲಿ ಓದಿ ರೈಲಿನಲ್ಲೇ ಬಿಟ್ಟು ಇಳಿಯುತ್ತಿದ್ದರು. ಅಣ್ಣಾರು ಅಂಥವು ಒಂಬತ್ತು ಬರೆದರು. ಅವರನ್ನು ನೋಡಿದರೆ ಯಾರೂ ನಂಬುತ್ತಿರಲಿಲ್ಲ. ಕಡ್ಡಿಯಂಥ ಮನುಷ್ಯ, ಬಸ್ಸು ಹತ್ತುವ ಮೊದಲು ಕಂಡಕ್ಟರನನ್ನು ಮೂರು ಸಲ ಕೇಳುವವರು, ಹಲ್ಲಿ ಕಂಡರೆ ಕುರ್ಚಿ ಮೇಲೆ ಕಾಲೆತ್ತುವವರು. ಅವರ ನಾಯಕ ಮಾತ್ರ ಓಡುವ ರೈಲಿನಿಂದ ಓಡುವ ರೈಲಿಗೆ ಹಾರುತ್ತಿದ್ದ.

"ಅಣ್ಣಾರ, ನೀವು ಬರ್ಲಿನ್ ನೋಡೀರೇನ್ರಿ?" ಅಂತ ಒಮ್ಮೆ ಕೇಳಿದೆ.

"ದಿನಾ ನೋಡ್ತೀನಿ. ಸಿಕಂದರಾಬಾದ್ ಸ್ಟೇಶನ್ ಹಿಂದಿನ ಓಣಿ ಐತಲ್ಲ, ಅಲ್ಲಿ ಎಲ್ಲಾರಿಗೂ ಉದ್ದನ್ನ ಕೋಟು ತೊಡಿಸಿಬಿಡು. ಆತು ಬರ್ಲಿನ್."

ಖರೆಯೇ ಅವರು ಬರೆಯುತ್ತಿದ್ದದ್ದು ಹಾಗೆ. ಕೋಠಿಯ ಫುಟ್‌ಪಾತಿನಿಂದ ಹಳೆಯ ವಿದೇಶಿ ಪತ್ರಿಕೆಗಳನ್ನು ತಂದು ಬೀದಿಗಳ ಹೆಸರು ಆರಿಸಿಕೊಳ್ಳುತ್ತಿದ್ದರು. ಬೀದಿಯೊಳಗಿನ ಬದುಕೆಲ್ಲ ಹೈದರಾಬಾದಿನದು. ಪ್ಯಾರಿಸ್ಸಿನ ಹೋಟೆಲಿನಲ್ಲಿ ಅವರ ಗೂಢಚಾರ ಚಹಾವನ್ನು ಬಸಿಗೆ ಸುರಿದುಕೊಂಡು ಕುಡಿಯುತ್ತಿದ್ದ. ಶತ್ರುದೇಶದ ಮಂತ್ರಿಯ ಮನೆಯ ಮುಂದೆ ಗೋರಂಟಿ ಮಾರುವವಳು ಕೂತಿರುತ್ತಿದ್ದಳು.

ಬರೆದದ್ದನ್ನು ಮೊದಲು ಕೇಳುವವರು ನಾವು, ಕ್ಯಾಂಟೀನಿನ ಹೆಂಗಸರು. ಊಟದ ಗದ್ದಲ ಇಳಿದ ಮೇಲೆ ಅವರು ಅಡುಗೆಕೋಣೆಗೆ ಬಂದು ಅಕ್ಕಿಮೂಟೆಯ ಮೇಲೆ ಕೂತು ನೋಟುಬುಕ್ಕು ತೆಗೆಯುತ್ತಿದ್ದರು. ನಾವು ಪಾತ್ರೆ ತಿಕ್ಕುತ್ತಾ ಕೇಳುತ್ತಿದ್ದೆವು. ನನ್ನ ಜೊತೆಯವಳು ಯಾದಮ್ಮ, ಕನ್ನಡ ಒಂದಕ್ಷರ ತಿಳಿಯದವಳು, ಎಲ್ಲರಿಗಿಂತ ಮುಂದೆ ಕೂರುತ್ತಿದ್ದಳು. ಎರಡು ನಿಮಿಷಕ್ಕೊಮ್ಮೆ ನನ್ನ ತಿವಿದು, "ಏಮಾಯೆ? ವಾಡು ಸಚ್ಚಿಂಡಾ?" ಅನ್ನುವಳು, ಅವನು ಸತ್ತನೇನು ಅಂತ.

"ಇಲ್ಲವಾ, ಇನ್ನೂ ಬದುಕ್ಯಾನ, ಸುಮ್ನ ಕೂಡು."

"ಆಕಿಗೆ ಹೇಳು," ಅಣ್ಣಾರು ಕನ್ನಡಕದ ಮೇಲಿಂದ ನೋಡುವರು, "ಅಂವ ಸತ್ತರ ನನ್ನ ಹೊಟ್ಟಿಗೇನು?"

ಅಷ್ಟರಲ್ಲಿ ಬಿಡುವು ಮುಗಿದ ಸೈರನ್ ಕೂಗುವುದು. ಅವರು ಓದುತ್ತಿದ್ದ ಸಾಲನ್ನು ಅಲ್ಲಿಗೇ ಬಿಟ್ಟು, ನೋಟುಬುಕ್ಕು ಮುಚ್ಚಿ, "ಸೈರನ್ ಆತು. ಉಳಿದದ್ದು ನಾಳೆ" ಅಂತ ಎದ್ದುಬಿಡುವರು. ನಾಯಕನ ಹಣೆಗೆ ಪಿಸ್ತೂಲು ಇಟ್ಟಿರಲಿ, ಬಾಗಿಲ ಹಿಂದೆ ಯಾರೋ ನಿಂತಿರಲಿ, ಅಷ್ಟೇ. ಆಮೇಲಾಮೇಲೆ ಅವರ ಅಧ್ಯಾಯಗಳೇ ಊಟದ ಬಿಡುವಿನ ಅಳತೆಗೆ ಬಂದವು. ನಿಮ್ಮ ಅಧ್ಯಾಯದ ಕೊನೆಗಳು ಮೈ ಜುಮ್ಮೆನಿಸುತ್ತವೆ ಅಂತ ಪ್ರಕಾಶಕರು ಪತ್ರ ಬರೆದಿದ್ದರಂತೆ. "ಅದೆಲ್ಲ ಸೈರನ್ ಒತ್ತೂ ಮನಶ್ಯಾನ ಪುಣ್ಯ" ಅಂದು ನಕ್ಕರು.

ಅವರಿಂದಲೇ ನನಗೆ ತಿಳಿದದ್ದು, ಪತ್ತೇದಾರನ ಕಥೆ ಬೇರೆ, ಗೂಢಚಾರನ ಕಥೆ ಬೇರೆ ಅಂತ. "ಪತ್ತೇದಾರ ಕೊಲಿ ಆದಮ್ಯಾಲ ಬರ್ತಾನ. ಗೂಢಚಾರ ಮೊದಲ ಬಂದು ಕುಂತಿರ್ತಾನ, ನಿನ್ನ ಬಾಜೂಕ, ನಿನ್ನ ಕೈಯಾಂದ ಉಪ್ಪಿಟ್ಟು ತಿನಕೊಂತ." ಅವರ ಎಲ್ಲ ಪುಸ್ತಕದಲ್ಲೂ ಕೊನೆಗೆ ಮೋಸ ಮಾಡುವವನು ನಾಯಕನಿಗೆ ತೀರ ಬೇಕಾದವನೇ ಆಗಿರುತ್ತಿದ್ದ. ನನಗೆ ಅದು ಸೇರುತ್ತಿರಲಿಲ್ಲ.

"ಪ್ರತಿಸಲಾನೂ ಗೆಣೆಯಾನ ಯಾಕ್ರಿ ಅಣ್ಣಾರ? ಹೊರಗಿನಾವ ಒಬ್ಬ ಸಿಗೂದಿಲ್ಲೇನು?"

"ಹೊರಗಿನಾವಗ ಯಾರು ಏನು ಹೇಳಿರ್ತಾರ ತಂಗೆವ್ವಾ, ಮೋಸ ಮಾಡಾಕ?"

ನನಗೆ ಅಕ್ಷರ ಮರಳಿ ಬಂದದ್ದೂ ಅವರಿಂದ. ಹಾಜರಿ ಪುಸ್ತಕದಲ್ಲಿ ನಾನು ಹೆಬ್ಬೆಟ್ಟು ಒತ್ತುವುದನ್ನು ಒಂದು ದಿನ ನೋಡಿದರು. ನನ್ನ ಹೆಬ್ಬೆರಳು ಯಾವಾಗಲೂ ನೀಲಿ. "ಕಥಿಯಾಗ ಕಳ್ಳ ಯಾರಂತ ಎಲ್ಲಾರಕಿಂತ ಮೊದಲ ಹಿಡೀತಿ. ಇಲ್ಲಿ ಬಂದು ಹೆಬ್ಬಟ್ಟು ಒತ್ತತಿ. ನಾಚಿಕಿ ಬರೂದಿಲ್ಲ?" ಅಂದರು. ಮರುದಿನದಿಂದ ಚಪಾತಿ ಲಟ್ಟಿಸುವ ಕಲ್ಲಿನ ಮೇಲೆ ಒಣಹಿಟ್ಟು ಹರವಿ ಅಕ್ಷರ ಬರೆಸಿದರು. ಯಾದಮ್ಮ ಅದೇ ಹಿಟ್ಟಿನಲ್ಲಿ ಚಪಾತಿ ಮಾಡುತ್ತಾ, ಇವತ್ತು ಇಂಜಿನಿಯರುಗಳ ಹೊಟ್ಟೆಗೆ ಕನ್ನಡ ಹೋಯಿತು ಅನ್ನುತ್ತಿದ್ದಳು. ಆರು ತಿಂಗಳಿಗೆ ನಾನು ಅವರ ಪುಸ್ತಕವನ್ನು ಕಾಗುಣಿತ ಕೂಡಿಸಿಕೊಂಡು ಓದತೊಡಗಿದೆ. ನನ್ನ ಹೆಸರು, ಗಂಡನ ಹೆಸರು, ಮನೆತನದ ಹೆಸರು ಸೇರಿಸಿ ಉದ್ದಕ್ಕೆ ಸಹಿ ಮಾಡುವುದನ್ನೂ ಕಲಿಸಿದರು. ಆದರೆ ಹಾಜರಿ ಗುಮಾಸ್ತ ಒಪ್ಪಲಿಲ್ಲ. ಹೆಬ್ಬೆಟ್ಟಿನವರು ಹೆಬ್ಬೆಟ್ಟಿನವರೇ, ರಿಜಿಸ್ಟರು ಬದಲಿಸಲಾಗದು ಅಂದ. ಸಹಿ ಕಲಿತೆ, ಹಾಕಲು ಜಾಗ ಸಿಗಲಿಲ್ಲ.

ಒಂಬತ್ತನೇ ಪುಸ್ತಕ ಬರೆಯುವಾಗ ಅವರು ಒಂದು ಕಡೆ ಸಿಕ್ಕಿಕೊಂಡರು. ಹಿಮದ ನಡುವೆ ಶತ್ರುಗಳ ಕಾರ್ಖಾನೆ. ಸುತ್ತ ಗೋಡೆ, ನಾಯಿ, ಮೂರು ಮೂರು ಗೇಟು. ನಾಯಕ ಒಳಗೆ ಹೋಗುವುದು ಹೇಗೆ? ಎಂಟು ದಿನ ಓದು ನಿಂತಿತು. ಒಂದು ಬೆಳಿಗ್ಗೆ ಅವರು ಉಪ್ಪಿಟ್ಟಿನ ತಟ್ಟೆ ಹಿಡಿದು ಕ್ಯಾಂಟೀನಿನ ಹಿಂಬಾಗಿಲಲ್ಲಿ ನಿಂತಿದ್ದರು. ಬೇವಿನ ಮರದ ಕೆಳಗಿನ ಹಿಂದಿನ ಗೇಟಿನಿಂದ ಹಾಲಿನ ಗಾಡಿ ಬಂತು. ಕಾವಲುಗಾರ ಅಡ್ಡಗೋಲು ಎತ್ತಿ, ಗಾಡಿಯ ಕಡೆ ತಿರುಗಿಯೂ ನೋಡದೆ, ನನ್ನ ಕೈಯಿಂದ ಚಹಾದ ಗ್ಲಾಸು ಇಸಿದುಕೊಂಡ.

"ಈ ಗಾಡಿ ಯಾರೂ ತಗದು ನೋಡೂದಿಲ್ಲೇನು?"

"ಹಾಲಿನ್ಯಾಗ ನೋಡೂದೇನೈತ್ರಿ ಅಣ್ಣಾರ, ಬೆಳ್ಳಗ ಇರ್ತೈತಿ."

ಅವರು ನಕ್ಕದ್ದು ನಕ್ಕದ್ದೇ. ತಟ್ಟೆ ಅಲ್ಲೇ ಇಟ್ಟು ಓಡಿದರು. ಪುಸ್ತಕ ಅಚ್ಚಾಗಿ ಬಂದಾಗ ಎಲ್ಲವೂ ಅದರಲ್ಲಿತ್ತು. ಬೇವಿನ ಜಾಗದಲ್ಲಿ ದೇವದಾರು, ಅದರ ಕೆಳಗೆ ನಮ್ಮ ಕೈ ತೊಳೆಯುವ ಸಾಲಿನಲ್ಲಿದ್ದ ಹಾಗೆಯೇ ಸೋರುವ ಮೂರನೇ ನಲ್ಲಿ, ಖಾಲಿ ಕ್ಯಾನಿನೊಳಗೆ ಕೂತು ಬರುವ ನಾಯಕ, ಕಾವಲುಗಾರನಿಗೆ ಚಹಾ ಕೊಡುವ ಧಡೂತಿ ಅಡುಗೆಯವಳು.

"ನಾ ಇಷ್ಟು ದಪ್ಪ ಅದೀನೇನ್ರಿ?"

"ಅಲ್ಲಿ ಥಂಡಿ ಭಾಳ. ಮೂರು ಸ್ವೆಟರ್ ಹಾಕ್ಯಾಳ ಪಾಪ."

ನಕ್ಷೆ ವಿಭಾಗದಲ್ಲಿ ಕೂತು ನೂರು ಗುಟ್ಟು ನೋಡಿದ ಮನುಷ್ಯ ಅದರಲ್ಲಿ ಒಂದನ್ನೂ ಕಥೆಗೆ ತರಲಿಲ್ಲ. ತಂದದ್ದು ನಮ್ಮ ಕ್ಯಾಂಟೀನನ್ನು. ಅಲ್ಲೇನು ಗುಟ್ಟಿರುತ್ತದೆ ಅಂದುಕೊಂಡರು.

ಅಂಥ ಕಾರ್ಖಾನೆಯಲ್ಲಿ ಕೆಲಸ ಮಾಡುವವರು ಒಂದು ಸಾಲು ಅಚ್ಚು ಹಾಕಿಸಬೇಕಾದರೂ ಮೊದಲು ಲಿಖಿತ ಒಪ್ಪಿಗೆ ಬೇಕು. ಅಣ್ಣಾರು ಕೇಳಿರಲಿಲ್ಲ. ಕೇಳಿದರೆ ನೋಟುಬುಕ್ಕು ಫೈಲಿನೊಳಗೆ ಹೋಗಿ ಕೊಳೆಯುತ್ತದೆ ಅಂತ ಭಯ. ಪುಸ್ತಕದ ಮೇಲೆ ಸುಳ್ಳು ಹೆಸರು ಹಾಕಿಸುತ್ತಿದ್ದರು. ನಮ್ಮ ಮುಂದೆ ತುಟಿಯ ಮೇಲೆ ಬೆರಳಿಟ್ಟು, "ಯಾರ ಮುಂದೂ ಬಾಯಿ ಬಿಡಬ್ಯಾಡ್ರವಾ, ಕೆಲಸಾ ಹೊಕ್ಕೈತಿ" ಅನ್ನುತ್ತಿದ್ದರು. ಅನ್ನುವಾಗ ಅವರ ಕಣ್ಣು ನಗುತ್ತಿದ್ದವು. ನಾವು ಅದನ್ನೂ ಕಥೆಯ ಒಂದು ತುಂಡು ಅಂದುಕೊಂಡೆವು. ನಾನಂತೂ ಅಂದುಕೊಂಡೆ.

ಆ ದಿನ ಭದ್ರತೆಯ ಸಾಹೇಬರ ಕೋಣೆಗೆ ಚಹಾ ಒಯ್ದಿದ್ದೆ. ಉತ್ತರದ ಕಡೆಯವರು, ಕನ್ನಡ ತೆಲುಗು ಎರಡೂ ಬಾರದವರು, ಹೊಸಬರು. ಮೇಜಿನ ಮೇಲೆ ಒಂಬತ್ತನೇ ಪುಸ್ತಕ ಇತ್ತು. ಯಾರೋ ಹೆಸರಿಲ್ಲದ ಪತ್ರದ ಜೊತೆ ಕಳಿಸಿದ್ದಂತೆ, ಅದು ಆಮೇಲೆ ತಿಳಿಯಿತು. ಆ ಹೊತ್ತಿಗೆ ನನಗೆ ಕಂಡದ್ದು ಇಷ್ಟೇ, ಇಷ್ಟು ದೊಡ್ಡ ಸಾಹೇಬರ ಮೇಜಿನ ಮೇಲೆ ನಮ್ಮವರ ಪುಸ್ತಕ! ಹಿಗ್ಗಿನಲ್ಲಿ ಟ್ರೇ ಕೆಳಗಿಡುವುದನ್ನೂ ಮರೆತೆ.

"ಸಾಬ್, ಯೇ ತೋ ಹಮಾರೇ ಅಣ್ಣಾರ್ ಕಾ ಹೈ!" ಅಂದೆ, ಇದು ನಮ್ಮ ಅಣ್ಣಾರದು ಅಂತ. ಹೆಸರು ಹೇಳಿದೆ. ವಿಭಾಗ ಹೇಳಿದೆ.

ಸಾಹೇಬರು ಕುರ್ಚಿ ತೋರಿಸಿದರು. ಕಾರ್ಖಾನೆಯಲ್ಲಿ ಅದುವರೆಗೆ ಯಾರೂ ನನಗೆ ಕುರ್ಚಿ ತೋರಿಸಿರಲಿಲ್ಲ. "ನಿನಗೆ ಓದಲು ಬರುತ್ತದೆಯೇ?" ಅಂತ ಹಿಂದಿಯಲ್ಲಿ ಕೇಳಿದರು. ಬರುತ್ತದೆ ಅಂದೆ. ಓದಿ ತೋರಿಸಿದೆ. ಸಾಲು ಓದುವುದು, ನನಗೆ ಬಂದ ಹಿಂದಿಯಲ್ಲಿ ಅರ್ಥ ಹೇಳುವುದು. ಹಾಲಿನ ಗಾಡಿಯ ಪುಟ ಬಂದಾಗ ನನ್ನಿಂದ ತಡೆಯಲಾಗಲಿಲ್ಲ. ಎದ್ದು ನಿಂತುಬಿಟ್ಟೆ. "ಸಾಬ್, ಇದು ನಮ್ಮ ಕ್ಯಾಂಟೀನು! ಈ ದಪ್ಪನೆಯವಳು ನಾನೇ!"

"ಹಾಲು ನಿಜವಾಗಿ ಹೀಗೇ ಬರುತ್ತದೆಯೇ?"

"ದಿನಾ ಹೀಗೇ ಸಾಬ್! ಒಂದು ಅಕ್ಷರ ಸುಳ್ಳಿಲ್ಲ!"

ಅವರಿಗೆ ಮೆಚ್ಚುಗೆಯಾಗಲಿ ಅಂತ ಹೇಳಿದೆ. ಅಣ್ಣಾರು ಎಷ್ಟು ಚೆನ್ನಾಗಿ ಬರೆಯುತ್ತಾರೆ ಅಂತ ತಿಳಿಯಲಿ ಅಂತ. ಸಾಹೇಬರು ಒಂದೂ ಜೋರು ಮಾತಾಡಲಿಲ್ಲ. ಒಂದು ಕಾಗದ ಟೈಪ್ ಮಾಡಿಸಿ ಮುಂದಿಟ್ಟು ಮಸಿಯ ಪ್ಯಾಡು ತೆರೆದರು. ನಾನು ಪ್ಯಾಡನ್ನು ಹಿಂದಕ್ಕೆ ಸರಿಸಿ ಪೆನ್ನು ಕೇಳಿದೆ. ನನ್ನ ಹೆಸರು, ಗಂಡನ ಹೆಸರು, ಮನೆತನದ ಹೆಸರು, ಉದ್ದಕ್ಕೆ, ಕನ್ನಡದಲ್ಲಿ. ಸಹಿ ಹಾಕಲು ನನಗೆ ಸಿಕ್ಕ ಮೊದಲ ಜಾಗ ಅದು.

ಸಾಹೇಬರಿಗೆ ಓದಿ ತೋರಿಸಿದ್ದನ್ನು ಯಾದಮ್ಮನ ಮುಂದೆ ಹಿಗ್ಗಿ ಹೇಳಿಕೊಂಡೆ. ಸಂಜೆಯೊಳಗೆ ಅಣ್ಣಾರ ಮೇಜಿಗೆ ಬೀಗ ಬಿತ್ತು. ಇಬ್ಬರು ಕಾವಲುಗಾರರ ನಡುವೆ ಅವರು ಮುಂದಿನ ಗೇಟಿನಿಂದ ನಡೆದು ಹೋಗುವುದನ್ನು ಯಾದಮ್ಮ ನೋಡಿ ಬಂದು, ಒಲೆಯ ಮುಂದೆ ಕುಸಿದು ಕೂತಳು. "ಏಂ ಚೇಸಿನವೇ?" ಅಂದಳು. ಏನು ಮಾಡಿದೆಯೇ ಅಂತ. ನಾನು ಏನು ಮಾಡಿದ್ದೆ ಅಂತ ನನಗೆ ತಿಳಿದದ್ದು ಅವಳ ಮುಖ ನೋಡಿ.

ಆ ವಾರ ಅವರ ಮನೆಗೆ ಹೋದೆ. ಬಾಗಿಲಲ್ಲೇ ಸುಟ್ಟ ಕಾಗದದ ವಾಸನೆ. ಅವರ ಹೆಂಡತಿ, ನಾನು ವೈನಿ ಅನ್ನುವವರು, ಬಚ್ಚಲ ಒಲೆಗೆ ನೋಟುಬುಕ್ಕುಗಳನ್ನು ಹಾಕುತ್ತಿದ್ದರು. ಮನೆ ಜಪ್ತಿಗೆ ಬಂದರೆ ಅಂತ ಹೆದರಿಕೆ. ಒಂಬತ್ತೂ ಅಲ್ಲೇ, ಬರೆಯುತ್ತಿದ್ದ ಹತ್ತನೆಯದೂ ಅಲ್ಲೇ. ಅಣ್ಣಾರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದು ನೋಟುಬುಕ್ಕಿನ ಪಿನ್ನು ಬಿಡಿಸಿ ಕೊಡುತ್ತಿದ್ದರು. "ಪಿನ್ನು ಹಂಗ ಬಿಟ್ರ ಬೂದಿಯೊಳಗ ಉಳೀತಾವ" ಅಂದರು ನನ್ನ ಕಡೆ ನೋಡದೆ. "ಪಾತ್ರಿ ತಿಕ್ಕುವಾಗ ಕೈಗೆ ಚುಚ್ಚತಾವ."

ನಾನು ಬಾಗಿಲಿಂದಲೇ ತಿರುಗಿ ಬಂದೆ.

ವಿಚಾರಣೆ ಎಂಟು ತಿಂಗಳು ನಡೆಯಿತು. ಗೂಢಚಾರಿಕೆ ಏನೂ ಸಿಗಲಿಲ್ಲ, ಸಿಗಲು ಇರಲೂ ಇಲ್ಲ. ಒಪ್ಪಿಗೆಯಿಲ್ಲದೆ ಅಚ್ಚು ಹಾಕಿಸಿದ ತಪ್ಪಿಗೆ ಬಡ್ತಿ ಕಿತ್ತು, ನಕ್ಷೆಯ ಮೇಜಿನಿಂದ ಎಬ್ಬಿಸಿ, ಗುಜರಿ ಕಬ್ಬಿಣದ ಗೋದಾಮಿಗೆ ಹಾಕಿದರು. ಇನ್ನು ಏನನ್ನೂ ಬರೆಯುವುದಿಲ್ಲ ಅಂತ ಬರೆಸಿಕೊಂಡರು. ಅವರು ಕೊನೆಯದಾಗಿ ಬರೆದದ್ದು ಅದು.

ಅಂದಿನಿಂದ ನಿವೃತ್ತಿಯ ದಿನದವರೆಗೆ, ಹತ್ತೊಂಬತ್ತು ವರ್ಷ, ಪ್ರತಿ ಬೆಳಿಗ್ಗೆ ಗೇಟಿನಲ್ಲಿ ಅವರ ಡಬ್ಬಿ ತೆಗೆಸುತ್ತಿದ್ದರು. ಕಾವಲುಗಾರ ಕಡ್ಡಿಯಿಂದ ಅನ್ನ ಕೆದಕಿ ನೋಡುವವರೆಗೆ ಎರಡೂ ಕೈ ಮೇಲೆತ್ತಿ ನಿಂತಿರುತ್ತಿದ್ದರು. ಹಾಲಿನ ಕ್ಯಾನುಗಳನ್ನೂ ಆಗಿನಿಂದ ತೆಗೆದು ನೋಡತೊಡಗಿದರು. ಕ್ಯಾಂಟೀನಿಗೆ ಅವರು ಬರಲಿಲ್ಲ. ಬೇವಿನ ಮರದ ಕೆಳಗೆ ಒಬ್ಬರೇ ಕೂತು ಉಣ್ಣುತ್ತಿದ್ದರು. ಹಿಂಬಾಗಿಲಲ್ಲಿ ನಿಂತರೆ ನನಗೆ ಅವರ ಬೆನ್ನು ಕಾಣುತ್ತಿತ್ತು. ಮೂರನೇ ನಲ್ಲಿ ಸೋರುತ್ತಲೇ ಇತ್ತು. ಊಟದ ಸೈರನ್ನಿಗೆ ಅಕ್ಕಿಮೂಟೆ ಖಾಲಿ ಇರುತ್ತಿತ್ತು. ಯಾದಮ್ಮ ಬಹಳ ದಿನ ಅದರ ಮೇಲೆ ಯಾರನ್ನೂ ಕೂರಗೊಡಲಿಲ್ಲ.

ಎದುರು ಸಿಕ್ಕರೆ ಮಾತಾಡುತ್ತಿದ್ದರು. "ಮಕ್ಕಳು ಆರಾಮೇನು, ತಂಗೆವ್ವಾ?" ಅಷ್ಟೇ. ಆ 'ತಂಗೆವ್ವಾ' ಕೇಳಿದಾಗಲೆಲ್ಲ, ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸುತ್ತಿತ್ತು.

ಅವರು ನಿವೃತ್ತರಾದ ದಿನ ಹಾರ ತುರಾಯಿ ಏನೂ ಇರಲಿಲ್ಲ. ನಾನೇ ಚಹಾ ಮಾಡಿಕೊಂಡು ಗೋದಾಮಿಗೆ ಹೋದೆ. ತುಕ್ಕು ಹಿಡಿದ ಕಬ್ಬಿಣದ ನಡುವೆ ಕನ್ನಡಕ ಒರೆಸುತ್ತಾ ಕೂತಿದ್ದರು. ಹತ್ತೊಂಬತ್ತು ವರ್ಷ ಬಾಯೊಳಗಿದ್ದದ್ದನ್ನು ಹೊರತೆಗೆದೆ. "ಅಣ್ಣಾರ, ಅವತ್ತ ನಾ..." ಅಂದೆ. ಅಷ್ಟಕ್ಕೆ ಸೈರನ್ ಕೂಗಿತು.

ಅವರು ಗ್ಲಾಸು ಕೆಳಗಿಟ್ಟು ಎದ್ದರು. ಹಳೆಯ ಕಾಲದ ಹಾಗೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಸೈರನ್ ಆತು, ತಂಗೆವ್ವಾ. ಉಳಿದದ್ದು ನಾಳೆ."

ಆ ನಾಳೆಗೆ ಅವರು ಕಾರ್ಖಾನೆಗೆ ಬರಲಿಲ್ಲ. ಒಂದೇ ಊರು, ಹಿಂದೆ ಮುಂದೆ ಓಣಿ. ಆಮೇಲೆ ಎಷ್ಟೋ ಸಲ ಭೆಟ್ಟಿಯಾದೆವು, ಉಳಿದದ್ದನ್ನು ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಹೋದ ತಿಂಗಳು ಒಂದು ಬೆಳಿಗ್ಗೆ ಪೇಪರ್ ಓದುತ್ತಾ ಕೂತಲ್ಲೇ ಹೋಗಿಬಿಟ್ಟರು. ಹೆಣ ಎತ್ತುವಾಗ ಹನ್ನೊಂದು ಜನ ಇದ್ದೆವು. ಅವರು ಕಾದಂಬರಿ ಬರೆದವರು ಅಂತ ಆ ಹನ್ನೊಂದರಲ್ಲಿ ಇಬ್ಬರಿಗೆ ಗೊತ್ತಿತ್ತು.

ಹದಿಮೂರನೆಯ ದಿನ ವೈನಿ ಅಕ್ಕಿಯ ಡಬ್ಬಿಗೆ ಕೈ ಹಾಕಿ ಒಂದು ಪ್ಲಾಸ್ಟಿಕ್ ಚೀಲ ತೆಗೆದರು. ಒಳಗೆ ಒಂಬತ್ತನೇ ಪುಸ್ತಕ. ಯಾವುದೋ ಊರಿನ ಬಾಡಿಗೆ ಪುಸ್ತಕದಂಗಡಿಯ ಮುದ್ರೆ ಅದರ ಮೇಲಿತ್ತು. ಎಷ್ಟೋ ವರ್ಷದ ಹಿಂದೆ ಕೋಠಿಯ ಫುಟ್‌ಪಾತಿನಲ್ಲಿ ಅವರ ಕಣ್ಣಿಗೆ ಬಿದ್ದದ್ದಂತೆ. "ನಿನಗ ಕೊಡು ಅಂದಿದ್ರು" ಅಂದರು ವೈನಿ. "ನಂಗ ಓದಾಕ ಧೈರ್ಯ ಇಲ್ಲ. ಆಕಿ ಓದ್ತಾಳ, ಆಕಿಗೆ ಓದಾಕ ಬರ್ತೈತಿ ಅಂತಿದ್ರು." ನಾನು ಪುಸ್ತಕ ತಂದೆ. ತೆರೆಯಲು ನನಗೂ ಆಗಲಿಲ್ಲ. ಮೊಮ್ಮಗಳ ಕೈಗೆ ಕೊಟ್ಟೆ.

ಅವಳು ನನ್ನ ಕಾಲ ಮೇಲೆ ಕಾಲು ಚೆಲ್ಲಿ ಮಲಗಿ ಓದುತ್ತಾಳೆ. ಒತ್ತಕ್ಷರ ಬಂದರೆ ಎಡವುತ್ತಾಳೆ, ಬೈದುಕೊಳ್ಳುತ್ತಾಳೆ, ಮತ್ತೆ ಓದುತ್ತಾಳೆ. ನಿನ್ನೆ ದೇವದಾರು ಮರ ಬಂತು. ಸೋರುವ ಮೂರನೇ ನಲ್ಲಿ ಬಂತು. ಹಾಲಿನ ಗಾಡಿ ಬಂತು. ಹುಡುಗಿ ತಟ್ಟನೆ ಎದ್ದು ನಿಂತಳು, ಪುಸ್ತಕ ಎದೆಗೊತ್ತಿಕೊಂಡು ಕುಣಿದಳು. ನಮ್ಮ ಕ್ಯಾಂಟೀನಿನ ಕಥೆ ನನ್ನ ಬಾಯಿಂದ ಕೇಳುತ್ತಲೇ ಬೆಳೆದವಳು ಅವಳು.

"ಅಜ್ಜೀ! ಇದು ನಿನ್ನ ಕ್ಯಾಂಟೀನು! ಈ ದಪ್ಪನ್ನಾಕಿ ನೀನ!"

ನನ್ನ ಕೈಯಲ್ಲಿದ್ದ ಹಿಟ್ಟಿನ ಪರಾತ ನೆಲಕ್ಕೆ ಬಿತ್ತು. ನಗುತ್ತಿದ್ದೆನೋ ಅಳುತ್ತಿದ್ದೆನೋ ಗೊತ್ತಿಲ್ಲ. ಅವಳು ಮುಗಿಸುವವರೆಗೆ ಹಾಗೆಯೇ ಕೂತೆ. ಕೊನೆಯ ಪುಟ ಮುಗಿದ ಮೇಲೆ ಅವಳು ಮುಖಪುಟ ತಿರುವಿ, "ಇಷ್ಟು ಮಸ್ತ್ ಬರದಾರಲ್ಲಜ್ಜಿ, ಯಾರಿವರು? ಇದು ಖರೇ ಹೆಸರೇನು?" ಅಂತ ಕೇಳಿದಳು.

ನಾನು ಅಭ್ಯಾಸಬಲದಿಂದ ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ. ಅವಳನ್ನು ಹತ್ತಿರ ಎಳೆದುಕೊಂಡು ಕಿವಿಯಲ್ಲಿ ಹೆಸರು ಹೇಳಿದೆ.

ಅವಳು ಅದನ್ನು ಜೋರಾಗಿ ಕೂಗಿ ಹೇಳಿದಳು. ಕಿಟಕಿ ತೆರೆದೇ ಇತ್ತು, ಹಿಂದಿನ ಓಣಿಗೆ ಕೇಳುವ ಹಾಗೆ ಮತ್ತೊಮ್ಮೆ ಕೂಗಿದಳು. ನಾನು ತಡೆಯಲಿಲ್ಲ.